ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ: ಗದ್ದಲದಲ್ಲಿ ಮಾತು ಹಿಡಿಯಲು ಮಷಿನ್ ಬೇಕೋ, ಮೈಕ್ ಬೇಕೋ, ಅಭ್ಯಾಸ ಸಾಕೋ?

ಕೊಪ್ಪಳದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದರು: “ಕೇಳಸ್ತೈತ್ರಿ, ಆದ್ರ ಏನಂದ್ರು ಅನ್ನೂದು ತಿಳಿಯಂಗಿಲ್ಲ. ಮನ್ಯಾಗ ಇಬ್ರೇ ಕುಂತ್ರ ಎಲ್ಲಾ ಸರಿ. ಮದ್ವಿ ಮನಿಗೆ ಹೋದ್ರ ನಾನು ಕಿವುಡ.” ಅದೇ ವಾರ ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ದಲಾಲಿ ಅಂಗಡಿ ಇಟ್ಟುಕೊಂಡವರೊಬ್ಬರು, ಜನ ಮುಗಿಬಿದ್ದಾಗ ರೇಟು ತಪ್ಪಾಗಿ ಕೇಳಿಸಿಕೊಂಡು ಕೈ ಸುಟ್ಟುಕೊಂಡದ್ದನ್ನು ತಿಳಿಸಿದರು. ಬಳ್ಳಾರಿಯ ತಾಯಿಯೊಬ್ಬರ ಚಿಂತೆ ಬೇರೆ. ನಾಲ್ಕನೇ ಕ್ಲಾಸಿನ ಮಗ ಮನೆಯಲ್ಲಿ ಚುರುಕು, ಶಾಲೆಯಲ್ಲಿ ಮಾತ್ರ “ಹೇಳಿದ್ದು ಕಿವಿಗೇ ಹಾಕಿಕೊಳ್ಳಲ್ಲ” ಎಂದು ದೂರು. ಮೂವರ ಕೊನೆಯ ಪ್ರಶ್ನೆಯೂ ಒಂದೇ: ಕಿವಿ ಮಷಿನ್ ತೆಗೆದುಕೊಳ್ಳೋಣವೇ, ಮೊಬೈಲಿನಲ್ಲಿ ಬರುವ ಕಿವಿ ತರಬೇತಿಯ ಆಪ್ ಸಾಕೇ, ಬೇರೇನಾದರೂ ಇದೆಯೇ?

ನಾನು ವೈದ್ಯೆಯಲ್ಲ. ಮೂವತ್ತು ವರ್ಷ ಜೀನ್ಸ್ ಹೊಲಿದ ಅಪ್ಪನ ಕಿವಿಯ ಹಿಂದೆ ಆರು ವರ್ಷ ಅಲೆದವಳು. ಬಳ್ಳಾರಿಯ ಹೊಲಿಗೆ ಘಟಕಗಳಲ್ಲಿ ಸಾಲು ಸಾಲು ಜೂಕಿ ಮಷಿನ್‌ಗಳ ನಡುವೆ ಕೂತವರ ಮನೆಗಳಲ್ಲಿ ಟಿ.ವಿ. ಸದ್ದು ಯಾಕೆ ಅಷ್ಟು ಜೋರಾಗಿರುತ್ತದೆ ಎನ್ನುವುದು ನನಗೆ ತಡವಾಗಿ ತಿಳಿಯಿತು. ನಮ್ಮ ಮೊದಲ ಖರೀದಿಯೇ ತಪ್ಪಾಯಿತು. ಅಂಗಡಿಯೊಂದರಲ್ಲಿ ಪರೀಕ್ಷೆಯನ್ನೇ ಮಾಡದೆ, “ಇದು ಎಲ್ಲರಿಗೂ ಆಗುತ್ತೆ” ಎಂದು ಕೊಟ್ಟ ಮಷಿನ್ ಅಪ್ಪನಿಗೆ ಪಾತ್ರೆ ಸದ್ದನ್ನು ಸಿಡಿಲಿನ ಹಾಗೆ ಕೇಳಿಸಿತು. ಮಾತು ಇದ್ದಲ್ಲೇ ಉಳಿಯಿತು. ಹದಿನೈದು ದಿನಕ್ಕೆ ಅದು ಟ್ರಂಕಿನೊಳಗೆ ಸೇರಿತು. ಇನ್ನೊಬ್ಬರ ಮನೆಯಲ್ಲಿ ಹಾಗಾಗಬಾರದು ಎಂಬುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಕಿವಿ ತರುವುದು, ಮಿದುಳು ಆರಿಸುವುದು

ಯಾವ ಉಪಾಯ ಯಾರಿಗೆ ಎಂದು ತೂಗುವ ಮೊದಲು, ತೊಂದರೆ ಎಲ್ಲಿ ಹುಟ್ಟುತ್ತದೆ ಎಂದು ತಿಳಿದಿರಬೇಕು.

ಒಂದೊಂದು ಕಿವಿಯ ಒಳಗೂ ಬಸವನ ಹುಳುವಿನ ಚಿಪ್ಪಿನಂಥ ಕಾಕ್ಲಿಯಾ ಇದೆ. ಅದರಲ್ಲಿ ಸದ್ದನ್ನು ನರಕ್ಕೆ ದಾಟಿಸುವ ಒಳಸಾಲಿನ ಕೂದಲು ಕೋಶಗಳು ಸುಮಾರು 3,500. ಹೊರಸಾಲಿನಲ್ಲಿ ಸುಮಾರು 12,000 ಇವೆ. ಇವು ಸಣ್ಣ ಸದ್ದನ್ನು ಹಿಗ್ಗಿಸಿ, ಹತ್ತಿರ ಹತ್ತಿರದ ಸ್ವರಗಳನ್ನು ಬೇರೆ ಬೇರೆಯಾಗಿಸುತ್ತವೆ. ವಯಸ್ಸು ಮತ್ತು ಗದ್ದಲ ಎರಡೂ ಹೆಚ್ಚಾಗಿ ಹೊಡೆಯುವುದು ಈ ಹೊರಸಾಲನ್ನೇ. ಸತ್ತ ಕೋಶ ಮನುಷ್ಯರಲ್ಲಿ ಮತ್ತೆ ಚಿಗುರುವುದಿಲ್ಲ. ಎತ್ತರದ ಸ್ವರಗಳನ್ನು ಹಿಡಿಯುವ ತುದಿ ಮೊದಲು ಸವೆಯುತ್ತದೆ. ಕನ್ನಡದ ಸ, ಶ, ತ, ಕ, ಪ ಇಂಥ ವ್ಯಂಜನಗಳ ಗುರುತು ಬಹುಪಾಲು ಅಲ್ಲೇ ಇರುವುದು. ಸ್ವರಾಕ್ಷರಗಳು ಗಟ್ಟಿ, ಅವು ಕೆಳಗಿನ ಸ್ಥಾಯಿಯಲ್ಲಿವೆ. ಹೀಗಾಗಿ ಕಾಲು, ಸಾಲು, ಹಾಲು, ಪಾಲು ನಾಲ್ಕೂ “ಆ…ಲು” ಆಗಿ ಕಿವಿಗೆ ಬೀಳುತ್ತವೆ. ಸದ್ದು ಬಂದಿತು, ಮಾತು ಬರಲಿಲ್ಲ. ಮೇಷ್ಟ್ರು ಹೇಳಿದ “ಕೇಳಸ್ತೈತಿ, ತಿಳಿಯಂಗಿಲ್ಲ” ಎಂಬುದು ಇದೇ.

ಉಳಿದ ಕೆಲಸ ಮಿದುಳಿನದು. ಮಾತು ಎಡಗಡೆಯಿಂದ ಬಂದರೆ ಎಡಕಿವಿಗೆ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಮೊದಲು ಮುಟ್ಟುತ್ತದೆ. ಮಿದುಳಕಾಂಡ ಆ ಚೂರು ಅಂತರವನ್ನೇ ಅಳೆದು ದಿಕ್ಕು ಹೇಳುತ್ತದೆ. ಹೇಳುವವರ ದನಿಯ ಏರಿಳಿತ, ದಿಕ್ಕು, ತುಟಿಯ ಚಲನೆ ಇವನ್ನೆಲ್ಲ ಹಿಡಿದು ಒಂದು ಎಳೆಯನ್ನು ಮುಂದಕ್ಕೆ ತಂದು, ಉಳಿದದ್ದನ್ನು ಹಿಂದಕ್ಕೆ ಸರಿಸುವುದು ಮಿದುಳು. ಕೂಟದ ಗಲಾಟೆಯಲ್ಲಿ ಒಬ್ಬರ ಮಾತನ್ನು ಹೇಗೆ ಆರಿಸಿಕೊಳ್ಳುತ್ತೇವೆ ಎಂಬ ಪ್ರಶ್ನೆಯನ್ನು 1953ರಲ್ಲಿ ಕಾಲಿನ್ ಚೆರ್ರಿ ಎತ್ತಿದರು. 2012ರಲ್ಲಿ ನಿಮಾ ಮೆಸ್ಗರಾನಿ ಮತ್ತು ಎಡ್ವರ್ಡ್ ಚಾಂಗ್, ಅಪಸ್ಮಾರದ ಶಸ್ತ್ರಚಿಕಿತ್ಸೆಗೆಂದು ಮಿದುಳಿನ ಮೇಲೆ ಇಟ್ಟ ಎಲೆಕ್ಟ್ರೋಡ್ ತಂತುಗಳಿಂದ ಇದನ್ನು ನೇರವಾಗಿ ಓದಿದರು. ಇಬ್ಬರು ಒಟ್ಟಿಗೆ ಮಾತನಾಡುವಾಗ, ಕೇಳುಗ ಗಮನ ಕೊಟ್ಟವರ ಮಾತಿನ ಚಿತ್ರವೇ ಮಿದುಳಿನಲ್ಲಿ ಸದ್ದನ್ನು ಗ್ರಹಿಸುವ ಭಾಗವಾದ ಶ್ರವಣ ಕವಚದಲ್ಲಿ ಎದ್ದು ಕಾಣುತ್ತಿತ್ತು.

ತುಂಡಾದ ಮಾತನ್ನು ಹೊಲಿಯುವುದೂ ಮಿದುಳೇ. 1970ರಲ್ಲಿ ರಿಚರ್ಡ್ ವಾರೆನ್ ಒಂದು ವಾಕ್ಯದ ಒಂದು ಅಕ್ಷರವನ್ನು ಅಳಿಸಿ ಆ ಜಾಗದಲ್ಲಿ ಕೆಮ್ಮಿನ ಸದ್ದಿಟ್ಟರು. ಕೇಳಿದವರಿಗೆ ಅಕ್ಷರ ಹೋಗಿದ್ದೇ ತಿಳಿಯಲಿಲ್ಲ. ಆದರೆ ಈ ಹೊಲಿಗೆಗೆ ಖರ್ಚಿದೆ. ನೆನಪು, ಗಮನ, ಭಾಷೆಯ ತಿಳಿವು ಎಲ್ಲ ಅದರಲ್ಲಿ ತೊಡಗಿಕೊಂಡಿರುತ್ತವೆ. ಮದುವೆ ಮನೆಯಿಂದ ಬಂದ ಅಪ್ಪ ಊಟವನ್ನೂ ಬಿಟ್ಟು ಮಲಗಿಬಿಡುತ್ತಿದ್ದುದು ಇದೇ ದಣಿವಿನಿಂದ. ನಾವು ಸಿಟ್ಟು ಎಂದುಕೊಂಡಿದ್ದೆವು.

ಇನ್ನೊಂದು ಗುಂಪಿನವರಿದ್ದಾರೆ. ಪರೀಕ್ಷೆಯಲ್ಲಿ ಕಿವಿ “ನಾರ್ಮಲ್”, ಗದ್ದಲದಲ್ಲಿ ಮಾತ್ರ ಕಷ್ಟ. 2009ರಲ್ಲಿ ಶರನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್‌ಮನ್ ಇಲಿಗಳಲ್ಲಿ ಒಂದು ವಿಷಯ ಕಂಡರು. ಜೋರು ಸದ್ದಿನ ನಂತರ ಸಣ್ಣ ಸದ್ದು ಕೇಳುವ ಶಕ್ತಿ ಮರಳಿ ಬಂದರೂ, ಕೂದಲು ಕೋಶ ಮತ್ತು ನರದ ನಡುವಿನ ಕೊಂಡಿಗಳು ಕಳಚಿಹೋಗಿದ್ದವು. ಮನುಷ್ಯರಲ್ಲಿ ಇದನ್ನು ಖಚಿತವಾಗಿ ಹಿಡಿಯುವ ಪರೀಕ್ಷೆ ಆಸ್ಪತ್ರೆಗಳಲ್ಲಿ ಇನ್ನೂ ಬಂದಿಲ್ಲ. ಆದರೂ “ನಿನಗೆ ಏನೂ ಆಗಿಲ್ಲ, ನೆಪ ಹೇಳ್ತಿ” ಎಂದು ಇಂಥವರನ್ನು ಗದರುವುದನ್ನು ಬಿಡಬೇಕು.

ತೂಗುವ ಅಳತೆಗಳು

ನಾನು ಮುಖ್ಯವಾಗಿ ಹಿಡಿಯುವ ಅಳತೆ ಒಂದೇ, ಮಾತು ಗದ್ದಲಕ್ಕಿಂತ ಎಷ್ಟು ಡೆಸಿಬಲ್ (ಸದ್ದಿನ ಜೋರನ್ನು ಅಳೆಯುವ ಮಾನ) ಮೇಲಿದೆ ಎಂಬ ಅಂತರ. ಒಂದು ಮೀಟರ್ ದೂರದ ಸಾಮಾನ್ಯ ಮಾತು ಸುಮಾರು 60 ಡೆಸಿಬಲ್. ಬೇಸಿಗೆಯಲ್ಲಿ ನಮ್ಮ ಮನೆಗಳ ಜೋರು ಕೂಲರ್ ಹೆಚ್ಚುಕಡಿಮೆ ಅದಕ್ಕೆ ಸಮನಾಗಿ ಸದ್ದು ಮಾಡಬಲ್ಲದು. ಅಂದರೆ ಅಂತರ ಸೊನ್ನೆ. ಎಳೆಯ, ಗಟ್ಟಿ ಕಿವಿಯವರು ಮಾತು ಗದ್ದಲಕ್ಕಿಂತ ಎರಡು ಮೂರು ಡೆಸಿಬಲ್ ಕೆಳಗಿದ್ದರೂ ಅರ್ಧ ವಾಕ್ಯ ಹಿಡಿಯುತ್ತಾರೆ. ಕಿವಿ ಕುಂದಿದವರಿಗೆ ಅಷ್ಟೇ ಹಿಡಿಯಲು ಐದು, ಹತ್ತು ಡೆಸಿಬಲ್ ಹೆಚ್ಚು ಬೇಕಾದೀತು. ಈ ಅಂಚಿನಲ್ಲಿ ಒಂದೊಂದು ಡೆಸಿಬಲ್ಲೂ ನೂರಕ್ಕೆ ಹತ್ತರಷ್ಟು ಅಥವಾ ಅದಕ್ಕಿಂತ ಹೆಚ್ಚು ಮಾತನ್ನು ತಂದುಕೊಡುತ್ತದೆ. ಹೀಗಾಗಿ ಯಾವ ಉಪಾಯ ಎದುರಿಗೆ ಬಂದರೂ ನನ್ನ ಮೊದಲ ಪ್ರಶ್ನೆ: ಇದು ಎಷ್ಟು ಡೆಸಿಬಲ್ ಅಂತರ ಕೊಡುತ್ತದೆ?

ಎರಡನೆಯದು, ನೀವು ಕೇಳಬೇಕಾದ್ದು ಒಬ್ಬರ ಮಾತೋ, ಹತ್ತು ಜನರದೋ. ಮೂರನೆಯದು, ದಿನನಿತ್ಯದ ನಿಭಾವಣೆ. ಬೆವರು, ದೂಳು, ನಡುಗುವ ಬೆರಳು, ರಿಪೇರಿಗೆ ಎಷ್ಟು ದೂರ ಹೋಗಬೇಕು ಎಂಬುದೆಲ್ಲ ಇದರಲ್ಲಿ ಬಂತು. ದುಡ್ಡನ್ನು ನಾಲ್ಕನೆಯದಾಗಿ ಇಡುತ್ತೇನೆ. ದುಡ್ಡು ಸಣ್ಣ ಮಾತೆಂದಲ್ಲ. ಮೊದಲ ಮೂರು ತಿಳಿಯದೆ ಖರ್ಚು ಮಾಡಿದ್ದು ನಮ್ಮ ಟ್ರಂಕಿನೊಳಗೆ ಹೋಯಿತು.

ಯಾವುದಕ್ಕೂ ಮೊದಲು ಪರೀಕ್ಷೆ

ಇದು ಆಯ್ಕೆಯಲ್ಲ, ಬಾಗಿಲು. ಕಿವಿಯಲ್ಲಿ ಗಟ್ಟಿಯಾದ ಗುಗ್ಗೆ, ಸೋರುವ ಕಿವಿ, ತೂತಾದ ತಮಟೆ ಇದ್ದರೆ ಔಷಧಿಯಲ್ಲೋ ಶಸ್ತ್ರಚಿಕಿತ್ಸೆಯಲ್ಲೋ ಮುಗಿಯುವ ಕೆಲಸಕ್ಕೆ ಮಷಿನ್ ಯಾಕೆ? ಒಂದೇ ಕಿವಿ ಕುಂದಿದ್ದರೆ, ಒಂದೇ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿದ್ದರೆ, ತಲೆ ತಿರುಗಿದರೆ ಇ.ಎನ್.ಟಿ. ವೈದ್ಯರನ್ನು ನೋಡಲೇಬೇಕು. ರಾತ್ರಿ ಸರಿಯಿದ್ದ ಕಿವಿ ಬೆಳಗ್ಗೆ ಕೇಳದಾದರೆ ಅದು ತುರ್ತು. ಎರಡು ಮೂರು ದಿನದೊಳಗೆ ಹೋದರೆ ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚು, “ಸಂತಿ ದಿನ ಹೋದ್ರಾತು” ಎಂದು ಕೂರಬೇಡಿ.

ಬಳ್ಳಾರಿಯಲ್ಲಿ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜು, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಮೂರೂ ಸರಕಾರಿ. ಕಿವಿ ಮೂಗು ಗಂಟಲು ವಿಭಾಗಕ್ಕೆ ಚೀಟಿ ಮಾಡಿಸಿ ಅಲ್ಲಿಂದ ಶುರು ಮಾಡಬಹುದು. ಇನ್ನೂ ಆಳದ ಪರೀಕ್ಷೆ ಬೇಕೆಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕೊಪ್ಪಳ, ಬಳ್ಳಾರಿ ಎರಡೂ ಕಡೆಯಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ನೇರ ಮೈಸೂರು.

ಒಂದು ಪರೀಕ್ಷೆಯನ್ನು ನೀವೇ ಕೇಳಿ ಮಾಡಿಸಿಕೊಳ್ಳಿ. ಗಾಜಿನ ಕೋಣೆಯಲ್ಲಿ ಕೂರಿಸಿ “ಕುಂಯ್” ಸದ್ದು ಕೇಳಿಸುವ ಪರೀಕ್ಷೆ ನಿಶ್ಶಬ್ದದ ಲೆಕ್ಕ ಮಾತ್ರ ಹೇಳುತ್ತದೆ. ಗದ್ದಲದ ಜೊತೆ ವಾಕ್ಯ ಕೇಳಿಸಿ ಅಳೆಯುವ ಪರೀಕ್ಷೆ ಬೇರೆಯೇ ಇದೆ, ಕನ್ನಡ ವಾಕ್ಯಗಳಲ್ಲೂ ಅದನ್ನು ಸಿದ್ಧಪಡಿಸಿದ್ದಾರೆ. ಮನೆಮಾತು ತೆಲುಗೋ ಉರ್ದುವೋ ಆಗಿದ್ದರೆ ಅದನ್ನು ಮೊದಲೇ ಹೇಳಿ. ಬಳ್ಳಾರಿ, ರಾಯಚೂರಿನಲ್ಲಿ ಇದು ಸಣ್ಣ ವಿಷಯವಲ್ಲ. ಆಮೇಲೆ ಕಲಿತ ಭಾಷೆಯ ಮಾತು ಗದ್ದಲದಲ್ಲಿ ಎಂಥ ಒಳ್ಳೆಯ ಕಿವಿಗೂ ಬೇಗ ಕೈಬಿಡುತ್ತದೆ. ಮಗು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷ್ ಎಂದಾದರೆ ಕಿವಿಯನ್ನು ದೂರುವ ಮೊದಲು ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಖರ್ಚಿಲ್ಲದ್ದು: ಜಾಗ ಮತ್ತು ಪದ್ಧತಿ

ಇದನ್ನು ಯಾರೂ ಆಯ್ಕೆ ಎಂದೇ ಎಣಿಸುವುದಿಲ್ಲ, ಯಾಕೆಂದರೆ ಮಾರುವವರಿಲ್ಲ. ಬಯಲಿನಲ್ಲಿ ದೂರ ಅರ್ಧವಾದರೆ ಮಾತು 6 ಡೆಸಿಬಲ್ ಏರುತ್ತದೆ. ನಾಲ್ಕು ಮೀಟರ್ ಆಚೆ ಕೂತವರು ಒಂದು ಮೀಟರಿಗೆ ಬಂದರೆ 12 ಡೆಸಿಬಲ್. ಗೋಡೆಗಳ ನಡುವೆ ಇಷ್ಟು ಪೂರ್ತಿ ಸಿಗದಿದ್ದರೂ, ಬಹಳಷ್ಟು ದುಬಾರಿ ಮಷಿನ್‌ಗಳು ಗದ್ದಲದಲ್ಲಿ ಕೊಡುವುದಕ್ಕಿಂತ ಇದು ಹೆಚ್ಚು.

ಮುಖ ಕಾಣುವಂತೆ ಕೂರುವುದು ಇನ್ನೊಂದು. ತುಟಿ ಕಂಡರೆ ಗದ್ದಲದಲ್ಲಿ ಮಾತು ಎಷ್ಟೋ ಹೆಚ್ಚು ತಿಳಿಯುತ್ತದೆ ಎಂದು ಸಂಬಿ ಮತ್ತು ಪೊಲ್ಲಾಕ್ 1954ರಲ್ಲೇ ಅಳೆದು ತೋರಿಸಿದರು. ಪ ಮತ್ತು ಕ ಕಿವಿಗೆ ಗೊಂದಲ, ಕಣ್ಣಿಗಲ್ಲ. ಅಡುಗೆ ಮನೆಯಿಂದ ಬೆನ್ನು ಹಾಕಿಕೊಂಡು ಕೂಗುವ ಅಭ್ಯಾಸವನ್ನು ನಾವು ಅಪ್ಪನಿಗಾಗಿ ಬಿಟ್ಟೆವು. ಅವ್ವ ಈಗ ಎದುರಿಗೆ ಬಂದು, ಭುಜ ಮುಟ್ಟಿ, ಆಮೇಲೆ ಹೇಳುತ್ತಾಳೆ. ಕೂಗುವುದರಿಂದ ಸ್ವರಾಕ್ಷರವೇ ಹಿಗ್ಗುತ್ತದೆ, ಬೇಕಾದ ವ್ಯಂಜನ ಏಳುವುದಿಲ್ಲ. ತುಸು ನಿಧಾನವಾಗಿ, ಬಿಡಿಸಿ ಹೇಳಿದರೆ ಸಾಕು. ತಿಳಿಯದಿದ್ದರೆ ಅದೇ ವಾಕ್ಯವನ್ನು ಮತ್ತೆ ಮತ್ತೆ ಹೇಳುವ ಬದಲು ಬೇರೆ ಪದದಲ್ಲಿ ಹೇಳಬೇಕು.

ನಮ್ಮ ಹೊಸ ಮನೆಗಳ ಕಥೆಯನ್ನೂ ಹೇಳಬೇಕು. ನುಣುಪು ಟೈಲ್ಸ್, ಸಿಮೆಂಟ್ ಗೋಡೆ, ಆರ್.ಸಿ.ಸಿ. ಛಾವಣಿ ಮಾತನ್ನು ಮಾರ್ದನಿ ಮಾಡಿ ಕಲಸಿಬಿಡುತ್ತವೆ. ನೆಲಕ್ಕೆ ದಪ್ಪ ಜಮಖಾನ, ಕಿಟಕಿಗೆ ಪರದೆ, ಬರಿಗೋಡೆಗೆ ಹಳೆಯ ಕೌದಿ ಹಾಕಿದರೆ ಮಾರ್ದನಿ ಇಳಿಯುತ್ತದೆ. ಕೂಲರನ್ನು ಕೂರುವ ಜಾಗದಿಂದ ದೂರ ತಿರುಗಿಸಿ. ಮದುವೆ ಊಟದಲ್ಲಿ ಸ್ಪೀಕರಿಗೆ ಬೆನ್ನು ಕೊಟ್ಟು, ಮೂಲೆಯ ಗೋಡೆಗೆ ಒರಗುವಂತೆ ಕುರ್ಚಿ ಹಿಡಿಯಿರಿ. ಹಿಂದಿನಿಂದ ಬರುವ ಗದ್ದಲ ಅಷ್ಟಾದರೂ ಕಡಿಮೆ.

ಇದರ ಕೊರತೆ ಎಂದರೆ ಎದುರಿನವರು ಒಪ್ಪಬೇಕು. ಗಂಜ್‌ನಲ್ಲಿ ಖರೀದಿದಾರನಿಗೆ “ಎದುರು ಬಂದು ಹೇಳಪ್ಪ” ಎನ್ನಲು ಆಗುವುದಿಲ್ಲ.

ತರಬೇತಿ: ಏನು ಕೊಡುತ್ತದೆ, ಏನು ಕೊಡುವುದಿಲ್ಲ

ಪತ್ರ ಬರೆದವರೆಲ್ಲ ಹೆಚ್ಚು ಆಸೆ ಇಟ್ಟಿರುವುದು ಇಲ್ಲೇ. ಹಾಗಾಗಿ ಬಿಡಿಸಿ ಹೇಳುತ್ತೇನೆ.

ಮಿದುಳು ಕಲಿಯುತ್ತದೆ, ಅದರಲ್ಲಿ ಸಂಶಯವಿಲ್ಲ. ಯಾವುದನ್ನು ಅಭ್ಯಾಸ ಮಾಡುತ್ತೀರೋ ಅದರಲ್ಲಿ ಜನ ಸುಧಾರಿಸುತ್ತಾರೆ ಎಂದು ಬಹುತೇಕ ಅಧ್ಯಯನಗಳು ಒಪ್ಪುತ್ತವೆ. ಕಷ್ಟ ಇರುವುದು ಮುಂದಿನ ಹೆಜ್ಜೆಯಲ್ಲಿ. ಆಪ್‌ನಲ್ಲಿ ಏರಿದ ಅಂಕ ಸಂತೆಯಲ್ಲಿ ಕೈಹಿಡಿಯುತ್ತದೆಯೇ? 2013ರಲ್ಲಿ ಹೆನ್‌ಶಾ ಮತ್ತು ಫರ್ಗ್ಯುಸನ್ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ, ಅಭ್ಯಾಸ ಮಾಡದ ಮಾತಿಗೆ ದಾಟುವ ಲಾಭ ಸಣ್ಣದು, ಎಲ್ಲರಲ್ಲೂ ಒಂದೇ ಸಮವಾಗಿಲ್ಲ ಎಂದು ಕಂಡಿತು. ಲೇಸ್ ಎಂಬ ಹೆಸರಿನ, ಬಹಳ ಬಳಕೆಯಲ್ಲಿದ್ದ ಕಂಪ್ಯೂಟರ್ ತರಬೇತಿಯನ್ನು ಅಮೆರಿಕದ ಮಾಜಿ ಸೈನಿಕರ ಮೇಲೆ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಮಷಿನ್ ಹಾಕಿಕೊಂಡವರಿಗೆ ಅದನ್ನು ಸೇರಿಸಿದ್ದರಿಂದ ಹೇಳಿಕೊಳ್ಳುವಂಥ ಹೆಚ್ಚಿನ ಲಾಭ ಕಾಣಲಿಲ್ಲ.

ಹಾಗಂತ ತೀರ್ಪು ಕೊಟ್ಟುಬಿಡಲೂ ಆಗದು. 2017ರಲ್ಲಿ ಬಾಸ್ಟನ್ನಿನ ಡೇನಿಯಲ್ ಪಾಲಿ ಮತ್ತು ಸಂಗಡಿಗರು, ಮಷಿನ್ ಬಳಸುವ ಹಿರಿಯರಿಗೆ ಗದ್ದಲದೊಳಗಿನ ಸಣ್ಣ ಸದ್ದಿನ ಬದಲಾವಣೆಯನ್ನು ಬೆರಳಿನಿಂದ ಹಿಂಬಾಲಿಸುವ ಆಟ ಕೊಟ್ಟರು. ವಾರಕ್ಕೆ ಮೂರೂವರೆ ಗಂಟೆ, ಎಂಟು ವಾರ. ಜೋರು ಗದ್ದಲದಲ್ಲಿ ಅವರು ಹಿಡಿದ ಪದಗಳು ನೂರಕ್ಕೆ 25ರಷ್ಟು ಹೆಚ್ಚಾದವು. ಅಭ್ಯಾಸ ಬಿಟ್ಟ ಮೇಲೆ ಲಾಭವೂ ಉಳಿಯಲಿಲ್ಲ. ಗರಡಿಗೆ ಹೋಗುವುದನ್ನು ಬಿಟ್ಟ ಪೈಲ್ವಾನನ ತೋಳಿನ ಹಾಗೆ ಎಂದು ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ.

ನನಗೆ ಹೆಚ್ಚು ಭರವಸೆ ಕೊಟ್ಟದ್ದು ಬೇರೆ ಸಂಗತಿ. 2013ರಲ್ಲಿ ಇಂಗ್ರಿಡ್ ಜಾನ್ಸ್‌ರೂಡ್ ತಂಡ, ಬಹುವರ್ಷ ಸಂಸಾರ ಮಾಡಿದವರಿಗೆ ಗಂಡ ಅಥವಾ ಹೆಂಡತಿಯ ದನಿಯನ್ನು ಇನ್ನೊಂದು ದನಿಯ ಜೊತೆ ಬೆರೆಸಿ ಕೇಳಿಸಿತು. ಪರಿಚಯದ ದನಿ ಸುಲಭವಾಗಿ ತಿಳಿಯಿತು. ಅಷ್ಟೇ ಅಲ್ಲ, ಅಡ್ಡ ಬರುವ ದನಿ ಮನೆಯವರದಾದರೆ ಅದನ್ನು ಬದಿಗೆ ಸರಿಸುವುದೂ ಹಗುರಾಯಿತು. ಅಂದರೆ ದಿನವೂ ಕೇಳಬೇಕಾದವರ ದನಿಯಲ್ಲೇ, ದಿನವೂ ಬೇಕಾದ ಭಾಷೆಯಲ್ಲೇ ಅಭ್ಯಾಸ ಮಾಡುವುದು ಬುದ್ಧಿವಂತಿಕೆ. ಇಂಗ್ಲಿಷ್ ವಾಕ್ಯಗಳ ಆಪ್‌ಗೆ ಚಂದಾ ಕಟ್ಟುವ ಬದಲು ಮನೆಯಲ್ಲೇ ಹೀಗೆ ಮಾಡಿ ನೋಡಬಹುದು.

ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ. ಒಬ್ಬರು ಒಂದು ಮೀಟರ್ ದೂರ ಕೂತು ಪೇಪರ್ ಓದಲಿ, ಬದಿಯಲ್ಲಿ ಫ್ಯಾನ್ ತಿರುಗಲಿ. ಕೇಳುವವರು ಪ್ರತಿ ವಾಕ್ಯ ಹೇಳಿ ತೋರಿಸಬೇಕು. ಹತ್ತರಲ್ಲಿ ಏಳೆಂಟು ಸರಿಯಾದರೆ ಫ್ಯಾನಿನ ಬದಲು ರೇಡಿಯೋ ಹಾಡು, ಅದೂ ದಾಟಿದರೆ ಆಕಾಶವಾಣಿಯ ಪ್ರದೇಶ ಸಮಾಚಾರ. ಫ್ಯಾನಿಗಿಂತ ತಿಳಿಯುವ ಭಾಷೆಯ ಮಾತು ಹೆಚ್ಚು ಅಡ್ಡ ಬರುತ್ತದೆ, ಏಕೆಂದರೆ ಅದು ಕಿವಿಯ ಜೊತೆ ಮನಸ್ಸನ್ನೂ ಎಳೆಯುತ್ತದೆ. ಐದಕ್ಕಿಂತ ಕೆಳಗೆ ಬಿದ್ದರೆ ಸದ್ದು ಇಳಿಸಿ. ಸೋತು ಸೋತು ಯಾರೂ ಕಲಿಯುವುದಿಲ್ಲ. ಮೊದಲ ವಾರ ಮುಖ ನೋಡುತ್ತ, ಆಮೇಲೆ ಆಗಾಗ ಕಣ್ಣು ಮುಚ್ಚಿ. ಅಪ್ಪ ಮತ್ತು ಅವ್ವ ಎಂಟು ವಾರ ಹೀಗೆ ಕೂತರು. ಅಪ್ಪನ ಅಂಕಕ್ಕಿಂತ ಅವ್ವನ ಮಾತಿನ ರೀತಿಯೇ ಹೆಚ್ಚು ಬದಲಾಯಿತು, ಅದೂ ಲಾಭದ ಲೆಕ್ಕಕ್ಕೇ ಸೇರಿತು.

ಸಂಗೀತ ಕಲಿತರೆ ಗದ್ದಲದಲ್ಲಿ ಕಿವಿ ಚುರುಕಾಗುತ್ತದೆ ಎಂಬ ಮಾತನ್ನೂ ಕೆಲವರು ಕೇಳಿದ್ದಾರೆ. ಹಾಗೆಂದು ವರದಿಗಳು ಬಂದವು, ಹಾಗಿಲ್ಲ ಎನ್ನುವವೂ ಬಂದವು. ಮಗುವಿಗೆ ಇಷ್ಟವಿದ್ದರೆ ಹಾರ್ಮೋನಿಯಂ ಕಲಿಸಿ, ಕಿವಿಯ ಚಿಕಿತ್ಸೆ ಎಂದು ಮಾತ್ರ ಕಲಿಸಬೇಡಿ.

ತರಬೇತಿ ಸಲ್ಲುವುದು ಯಾರಿಗೆ? ಹೊಸದಾಗಿ ಮಷಿನ್ ಹಾಕಿಕೊಂಡವರಿಗೆ, ಪರೀಕ್ಷೆಯಲ್ಲಿ ಕಿವಿ ಸರಿಯಿದ್ದು ಗದ್ದಲದಲ್ಲಿ ಸೋಲುವವರಿಗೆ, ಜೊತೆಗೆ ಕೂರಲು ಮನೆಯವರಿರುವವರಿಗೆ. ಕಿವಿಯೇ ತರದ “ಸ”ಕಾರವನ್ನು ಎಷ್ಟು ಅಭ್ಯಾಸ ಮಾಡಿದರೂ ಮಿದುಳು ಹುಟ್ಟಿಸಲಾರದು. ಅಂಥವರು ತರಬೇತಿಯನ್ನು ಮಷಿನ್ನಿನ ಬದಲಿಗೆ ಇಟ್ಟುಕೊಂಡರೆ ಕಾಲ ಕಳೆದುಹೋಗುತ್ತದೆ.

ಕಿವಿ ಮಷಿನ್

ಜೇಬಿನಲ್ಲಿ ಡಬ್ಬಿ, ಕಿವಿಗೆ ವೈರು ಇರುವ ಪಾಕೆಟ್ ಮಷಿನ್ ಕೆಲವು ಸಾವಿರಕ್ಕೆ ಸಿಗುತ್ತದೆ. ಗುಂಡಿ ದೊಡ್ಡದು, ಬೆರಳು ನಡುಗುವವರಿಗೆ ಸುಲಭ. ಎಲ್ಲವನ್ನೂ ಒಟ್ಟಿಗೆ ಎತ್ತುತ್ತದೆ, ಬಟ್ಟೆ ಉಜ್ಜಿದ ಸದ್ದನ್ನೂ ಸೇರಿಸಿ. ಮನೆಯೊಳಗೆ ಒಬ್ಬರ ಮಾತಿಗೆ ಇದು ಸಾಕು, ಗದ್ದಲಕ್ಕೆ ಅಲ್ಲ.

ಕಿವಿಯ ಹಿಂದೆ ಕೂರುವ ಡಿಜಿಟಲ್ ಮಷಿನ್ ಒಂದಕ್ಕೆ ಹತ್ತು ಹದಿನೈದು ಸಾವಿರದಿಂದ ಶುರುವಾಗಿ ಲಕ್ಷವನ್ನೂ ದಾಟುತ್ತದೆ. ನಿಮ್ಮ ಆಡಿಯೋಗ್ರಾಂಗೆ, ಅಂದರೆ ಕಿವಿ ಪರೀಕ್ಷೆಯ ನಕ್ಷೆಗೆ ತಕ್ಕಂತೆ ಯಾವ ಸ್ವರವನ್ನು ಎಷ್ಟು ಎತ್ತಬೇಕೆಂದು ಕೂರಿಸುವುದೇ ಇದರ ಜೀವಾಳ. ಎರಡು ಮೈಕ್ ಇಟ್ಟು ಎದುರಿನ ಮಾತಿಗೆ ಒತ್ತು ಕೊಡುವ ವ್ಯವಸ್ಥೆ ಇದ್ದರೆ ಮೂರರಿಂದ ಐದು ಡೆಸಿಬಲ್ ಅಂತರ ಸಿಗಬಹುದು. ಮಾರ್ದನಿ ಹೆಚ್ಚಿದ್ದಲ್ಲಿ ಅದೂ ಇಳಿಯುತ್ತದೆ. ಬೆಲೆ ಹೆಚ್ಚಿದಂತೆ ಹೆಚ್ಚು ಚಾನೆಲ್‌ಗಳು (ಸ್ವರಗಳನ್ನು ಬೇರೆ ಬೇರೆಯಾಗಿ ಹೊಂದಿಸುವ ಭಾಗಗಳು), ಬ್ಲೂಟೂತ್, ಚಾರ್ಜಿಂಗ್ ಬರುತ್ತವೆ. ಆದರೆ ಹತ್ತು ಸಾವಿರದ್ದರಿಂದ ಲಕ್ಷದ್ದಕ್ಕೆ ಹೋದರೆ ಮಾತು ಹತ್ತು ಪಟ್ಟು ತಿಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನ್ನ ಅನಿಸಿಕೆಯಲ್ಲಿ, ಎರಡೂ ಕಿವಿ ಕುಂದಿದ್ದರೆ ಒಂದು ದುಬಾರಿ ಮಷಿನ್ನಿಗಿಂತ ಎರಡು ಮಧ್ಯಮ ಮಷಿನ್ ಮೇಲು. ದಿಕ್ಕು ಹಿಡಿಯಲು ಮಿದುಳಿಗೆ ಎರಡು ಕಿವಿ ಬೇಕು.

ಬಳ್ಳಾರಿ, ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬೆವರು ಮಷಿನ್ನಿನ ಶತ್ರು. ರಾತ್ರಿ ಬಿಚ್ಚಿ, ಒಣ ಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿ ಇಡಬೇಕು. ಸಂಡೂರಿನ ಗಣಿ, ಗಿಣಿಗೇರಿಯ ಕಾರ್ಖಾನೆಗಳ ಸುತ್ತಲಿನವರು ಮೈಕ್ ತೂತಿನಲ್ಲಿ ಕೂರುವ ದೂಳನ್ನು ವಾರಕ್ಕೊಮ್ಮೆ ಬ್ರಷ್‌ನಿಂದ ತೆಗೆಯಬೇಕು. ಬಟನ್ ಸೆಲ್‌ಗಳಲ್ಲಿ 13ನೇ ಸೈಜಿನ ಸ್ಟಿಕ್ಕರ್ ಕಿತ್ತಳೆ, 312ರದು ಕಂದು, 10ರದು ಹಳದಿ. ಸ್ಟಿಕ್ಕರ್ ಕಿತ್ತ ಮೇಲೆ ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಿ. ಹಳ್ಳಿಯಲ್ಲಿ ಕರೆಂಟಿನ ಭರವಸೆ ಇಲ್ಲದಿದ್ದರೆ ಸೆಲ್ ಮಷಿನ್, ಸೆಲ್ ತರಲು ಪಟ್ಟಣ ದೂರವಾದರೆ ಚಾರ್ಜಿಂಗ್ ಮಷಿನ್.

ಹಾಕಿಕೊಂಡ ದಿನವೇ ತೀರ್ಪು ಕೊಡಬೇಡಿ. ವರ್ಷಗಟ್ಟಲೆ ಕೇಳದ ಸದ್ದುಗಳು ಒಮ್ಮೆಲೇ ಬಂದಾಗ ಮಿದುಳಿಗೆ ಅವನ್ನು ವಿಂಗಡಿಸಲು ವಾರಗಳು, ಕೆಲವರಿಗೆ ತಿಂಗಳುಗಳು ಬೇಕು. ಮೊದಲು ಮನೆಯೊಳಗೆ, ಆಮೇಲೆ ಓಣಿ, ಆಮೇಲೆ ಸಂತೆ. ದಿನಕ್ಕೊಂದು ಗಂಟೆ ಹಾಕಿ ಬಿಚ್ಚಿಡುವವರಿಗೆ ಆ ರೂಢಿ ಕೂಡಿಬರುವುದೇ ಇಲ್ಲ.

ಸರಕಾರದ ದಾರಿಗಳೂ ಇವೆ. ಅಂಗವಿಕಲರಿಗೆ ಸಾಧನಗಳನ್ನು ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ಅಂಗವಿಕಲತೆಯ ಪ್ರಮಾಣಪತ್ರ ಮತ್ತು ಆದಾಯದ ಮಿತಿಗೆ ಒಳಪಟ್ಟವರಿಗೆ, 2017ರ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ 60 ದಾಟಿದ ಬಡ ಹಿರಿಯರಿಗೆ ಶಿಬಿರಗಳ ಮೂಲಕ ಮಷಿನ್ ಸಿಗುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ 60 ಡೆಸಿಬಲ್‌ನಷ್ಟು ನಷ್ಟವಿದ್ದರೆ ಮಾತ್ರ ಶ್ರವಣದೋಷದ ಲೆಕ್ಕ. ಗದ್ದಲದಲ್ಲಿ ಮಾತ್ರ ಕಷ್ಟಪಡುವ ಬಹುಪಾಲು ಜನರ ನಷ್ಟ ಅದಕ್ಕಿಂತ ಕಡಿಮೆ, ಅವರು ಪ್ರಮಾಣಪತ್ರದ ದಾರಿಯನ್ನೇ ನೆಚ್ಚಿ ಕಾಯಬಾರದು.

ಮಷಿನ್ನೂ ಕೈಕೊಡುವಷ್ಟು ಕಿವಿ ಹೋದವರಿಗೆ, ಶಸ್ತ್ರಚಿಕಿತ್ಸೆ ಮಾಡಿ ಕಿವಿಯೊಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಇದೆ. ಅದು ಬೇರೆಯೇ ಲೇಖನದ ವಿಷಯ.

ದೂರದ ಮೈಕ್: ಎಲ್ಲರೂ ಮರೆಯುವ ಆಯ್ಕೆ

ಮಾತನಾಡುವವರ ಎದೆಯ ಮೇಲೆ ಪುಟ್ಟ ಮೈಕ್, ಕೇಳುವವರ ಕಿವಿಗೆ ನೇರ ಸದ್ದು. ಮೈಕ್ ಬಾಯಿಗೆ ಗೇಣು ದೂರದಲ್ಲಿರುವುದರಿಂದ ಗದ್ದಲಕ್ಕಿಂತ ಮಾತು ಹತ್ತು, ಹದಿನೈದು ಡೆಸಿಬಲ್ ಮೇಲೇಳಬಲ್ಲದು. ಇಷ್ಟು ಅಂತರವನ್ನು ಯಾವ ಮಷಿನ್ನಿನ ಒಳಗಿನ ಎಲೆಕ್ಟ್ರಾನಿಕ್ ಚಿಪ್ ಕೂಡ ಕೊಡುವುದಿಲ್ಲ, ಯಾವ ತರಬೇತಿಯೂ ಕೊಡುವುದಿಲ್ಲ. ಶಾಲೆಯ ಮಗುವಿಗೆ, ದೇವಸ್ಥಾನದ ಪ್ರವಚನ ಕೇಳುವವರಿಗೆ, ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಕೂತ ಅಪ್ಪನಿಗೆ ಇದು ಕೊಡುವ ನೆಮ್ಮದಿ ನಾನು ಕಣ್ಣಾರೆ ಕಂಡದ್ದು. ಕೊರತೆಯೂ ಸ್ಪಷ್ಟವಿದೆ. ಮೈಕ್ ಹಾಕಿಕೊಂಡ ಒಬ್ಬರ ಮಾತಿಗೆ ಮಾತ್ರ ಈ ಲಾಭ. ಹತ್ತು ಜನ ಹರಟುವ ಕಟ್ಟೆಯಲ್ಲಿ ಕೈಯಿಂದ ಕೈಗೆ ದಾಟಿಸಬೇಕು.

ಮಷಿನ್ ಕಂಪನಿಗಳ ಮೈಕ್ ದುಬಾರಿ, ಅದೇ ಕಂಪನಿಯ ಮಷಿನ್ನಿಗೆ ಮಾತ್ರ ಹೊಂದುವುದು ಸಾಮಾನ್ಯ. ಆದ್ದರಿಂದ ಮಷಿನ್ ಕೊಳ್ಳುವಾಗಲೇ “ಇದಕ್ಕೆ ಮೈಕ್ ಸೇರುತ್ತದೆಯೇ, ಅದರ ಬೆಲೆ ಎಷ್ಟು” ಎಂದು ಕೇಳಿ. ಬಜೆಟ್ ಒಂದೇ ಆದರೆ, ಮೇಲಿನ ಮಾದರಿಯ ಮಷಿನ್ ಬಿಟ್ಟು ನಡುವಿನ ಮಾದರಿ ಮತ್ತು ಮೈಕ್ ತೆಗೆದುಕೊಳ್ಳಿ ಎನ್ನುತ್ತೇನೆ.

ಕೈಯಲ್ಲಿರುವ ಮೊಬೈಲ್

ಆಂಡ್ರಾಯ್ಡ್‌ನ ಸೌಂಡ್ ಆಂಪ್ಲಿಫೈಯರ್, ಐಫೋನಿನ ಲೈವ್ ಲಿಸನ್ ಇವುಗಳಲ್ಲಿ ಫೋನನ್ನು ಮಾತನಾಡುವವರ ಮುಂದಿಟ್ಟು ಇಯರ್‌ಫೋನಿನಲ್ಲಿ ಕೇಳಬಹುದು. ಬ್ಲೂಟೂತ್ ಇಯರ್‌ಫೋನಿನಲ್ಲಿ ಮಾತು ತಡವಾಗಿ ಬಂದು ತುಟಿಗೂ ದನಿಗೂ ತಾಳ ತಪ್ಪಬಹುದು. ಆಂಡ್ರಾಯ್ಡ್‌ನಲ್ಲಾದರೆ ವೈರಿನದು ವಾಸಿ. ಸದ್ದನ್ನು ಅತಿಯಾಗಿ ಏರಿಸಿದರೆ ಉಳಿದ ಕಿವಿಗೂ ಪೆಟ್ಟು. ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಆಪ್ ಕನ್ನಡ ಮಾತನ್ನು ಪರದೆಯ ಮೇಲೆ ಅಕ್ಷರವಾಗಿ ತೋರಿಸುತ್ತದೆ. ನಮ್ಮ ಸೀಮೆಯ ಮಾತಿನಲ್ಲಿ ತಪ್ಪು ಮಾಡುತ್ತದೆ, ಗದ್ದಲದಲ್ಲಿ ಇನ್ನಷ್ಟು. ಆದರೂ ಆಸ್ಪತ್ರೆಯ ಕಿಟಕಿಯಲ್ಲಿ, ಬ್ಯಾಂಕಿನಲ್ಲಿ ಅಪ್ಪನಿಗೆ ಬಹಳ ಸಲ ಕೈಹಿಡಿದಿದೆ. ಖರ್ಚಿಲ್ಲ. ಮಷಿನ್ನಿಗೆ ದುಡ್ಡು ಕೂಡಿಸುವ ತಿಂಗಳುಗಳಲ್ಲಿ ಇದನ್ನೇ ಇಟ್ಟುಕೊಳ್ಳಿ.

ಪತ್ರ ಬರೆದವರಿಗೆ

ಮೇಷ್ಟ್ರೇ, ಮನೆಯಲ್ಲಿ ಸರಿಯಾಗಿ ಕೇಳುವ ನಿಮಗೆ ನಷ್ಟ ಕಡಿಮೆಯೋ ನಡುವಿನದೋ ಇರಬಹುದು. ಮೊದಲು ಕಿಮ್ಸ್‌ನಲ್ಲಿ ಪರೀಕ್ಷೆ. ನಷ್ಟ ಕಂಡರೆ ಎರಡೂ ಕಿವಿಗೆ ನಡುವಿನ ಬೆಲೆಯ ಮಷಿನ್, ಮನೆಯವರ ಜೊತೆ ಎಂಟು ವಾರ ಪೇಪರ್ ಓದು. ಗವಿಮಠದ ಜಾತ್ರೆಯ ಹೊತ್ತಿಗೆ ರೂಢಿಯಾಗಬೇಕೆಂದರೆ ದೀಪಾವಳಿಗೇ ಹಾಕಿಕೊಳ್ಳಿ.

ಗಂಜ್‌ನ ಅಣ್ಣಾವ್ರೇ, ನಿಮಗೆ ಹತ್ತು ಜನರ ಮಾತು ಬೇಕು, ಹೀಗಾಗಿ ಮೈಕ್ ಹೊಂದದು. ಎದುರಿನ ಮಾತಿಗೆ ಒತ್ತು ಕೊಡುವ ಮಷಿನ್ನಿಗೆ ದುಡ್ಡು ಹಾಕುವುದು ನಿಮ್ಮ ವಿಷಯದಲ್ಲಿ ಸರಿ. ರೇಟನ್ನು ಮಾತ್ರ ಕಿವಿಗೆ ಬಿಡಬೇಡಿ, ಚೀಟಿಯಲ್ಲಿ ಬರೆಸಿಕೊಳ್ಳಿ ಅಥವಾ ಬೆರಳಲ್ಲಿ ತೋರಿಸಿ ಖಚಿತ ಮಾಡಿಕೊಳ್ಳಿ. ಪರೀಕ್ಷೆಯಲ್ಲಿ ಕಿವಿ ಸರಿಯೆಂದು ಬಂದರೆ ಮಷಿನ್ ಕೊಳ್ಳುವ ಮೊದಲು ತರಬೇತಿಗೆ ಎರಡು ತಿಂಗಳು ಕೊಟ್ಟು ನೋಡಿ.

ತಾಯೀ, ಗದ್ದಲದಿಂದ ಮಾತನ್ನು ಬೇರ್ಪಡಿಸುವ ಶಕ್ತಿ ಮಕ್ಕಳಲ್ಲಿ ಹರೆಯದವರೆಗೂ ಬೆಳೆಯುತ್ತಲೇ ಇರುತ್ತದೆ. ದೊಡ್ಡವರಿಗೆ ಸಾಕಾಗುವ ಅಂತರ ಅವರಿಗೆ ಸಾಲದು. ನೆಗಡಿಯ ನಂತರ ಕಿವಿಯೊಳಗೆ ನೀರು ನಿಂತಿದೆಯೇ ಎಂದು ಮೊದಲು ನೋಡಿಸಿ. ಟೀಚರಿಗೆ ಹೇಳಿ ಮೊದಲ ಬೆಂಚಿನಲ್ಲಿ, ರಸ್ತೆಯ ಕಿಟಕಿಯಿಂದ ದೂರ ಕೂರಿಸಿ. ಇಷ್ಟರ ಮೇಲೂ ಕಷ್ಟವಿದ್ದರೆ ಮೈಸೂರಿಗೆ ಕರೆದುಕೊಂಡು ಹೋಗಿ. ಮಗುವಿನ ವಿಷಯದಲ್ಲಿ ನಾನು ಆಪ್‌ಗಳನ್ನು ಕೊನೆಗಿಡುತ್ತೇನೆ, ಟೀಚರ ಕೊರಳಿಗೆ ಹಾಕುವ ಮೈಕನ್ನು ಮೊದಲಿಗಿಡುತ್ತೇನೆ.

ಮೂವರಿಗೂ ಇನ್ನೊಂದು: ಅಂಗಡಿಯ ತಣ್ಣನೆಯ ಕೋಣೆಯಲ್ಲಿ ಎಲ್ಲ ಮಷಿನ್ನೂ ಚೆನ್ನಾಗಿಯೇ ಕೇಳಿಸುತ್ತದೆ. ಒಂದೆರಡು ವಾರ ಹಾಕಿ ನೋಡಿ ಹಿಂದಿರುಗಿಸಲು ಒಪ್ಪುವವರ ಬಳಿ ಮಾತ್ರ ಕೊಳ್ಳಿ, ಒಪ್ಪಿಗೆಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಆ ದಿನಗಳಲ್ಲಿ ಸಂಜೆ ಆರಕ್ಕೆ, ಎಣ್ಣೆ ಚುರ್ ಎನ್ನುವ, ಬಸ್ಸು ಹಾರ್ನ್ ಹೊಡೆಯುವ ಮಿರ್ಚಿ ಬಂಡಿಯ ಮುಂದೆ ನಿಂತು ಮನೆಯವರ ಜೊತೆ ಹತ್ತು ನಿಮಿಷ ಮಾತನಾಡಿ. ಅಪ್ಪನ ಎರಡನೆಯ ಮಷಿನ್ನನ್ನು ನಾವು ಆರಿಸಿದ್ದು ಹಾಗೆ. ಅವ್ವ ಮೆಲ್ಲಗೆ “ಇನ್ನೊಂದು ಪ್ಲೇಟ್ ಹೇಳ್ಲೇನು?” ಎಂದಳು. ಅಪ್ಪ ಅವಳ ಮುಖವನ್ನೂ ನೋಡದೆ, “ಬ್ಯಾಡ, ಸಾಕು” ಎಂದರು.